ಅಪ್ಪನ ದೊಡ್ಡ ಕರುಳಿನಲ್ಲಿ 4 ಸೆಂ.ಮೀ. ಪಾಲಿಪ್: ಎಂಡೋಸ್ಕೋಪಿಯಲ್ಲೇ ತೆಗೆಸಬಹುದೇ, ಆಪರೇಷನ್ ಮಾಡಿಸಲೇಬೇಕೇ?

ತೀರ್ಥಹಳ್ಳಿ ಮಗಳು, ಜೂನ್ 21

ನಮ್ಮ ಅಪ್ಪನಿಗೆ 71 ವರ್ಷ. ತೀರ್ಥಹಳ್ಳಿ ಸಮೀಪ ಮೂರು ಎಕರೆ ಅಡಿಕೆ ತೋಟವಿದೆ, ಇಂದಿಗೂ ಅದರ ಯಜಮಾನಿಕೆ ಅವರದೇ. ಎರಡೂವರೆ ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಮಾತ್ರೆಗಳು ನಡೆಯುತ್ತಿವೆ. ಈ ಬೇಸಿಗೆಯಲ್ಲಿ ತೋಟದ ಏರು ಹತ್ತಿದರೆ ಏದುಸಿರು ಬರುತ್ತಿತ್ತು. ಮತ್ತೆ ಹೃದಯದ್ದೇ ಇರಬೇಕೆಂದು ಹೆದರಿ ಎಕೋ ಮಾಡಿಸಿದೆವು, ಅದು ಸರಿಯಾಗಿಯೇ ಇತ್ತು. ಹಿಮೋಗ್ಲೋಬಿನ್ ಮಾತ್ರ 8.4ಕ್ಕೆ ಇಳಿದಿತ್ತು. ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರಬಹುದೆಂದು ಊರಿನಲ್ಲಿ ಯಾರೋ ಕೊಟ್ಟ ಪುಡಿಯನ್ನು ಅಪ್ಪ ಎರಡು ತಿಂಗಳು ಮಜ್ಜಿಗೆಯಲ್ಲಿ ಕದಡಿ ಕುಡಿದರು. ಆ ಎರಡು ತಿಂಗಳನ್ನು ಸುಮ್ಮನೆ ಕಳೆದೆವಲ್ಲ ಎಂಬುದು ನನ್ನನ್ನು ಈಗಲೂ ಚುಚ್ಚುತ್ತದೆ.

ಕೊನೆಗೆ ಕೊಲೊನೋಸ್ಕೋಪಿ ಆಯಿತು. ದೊಡ್ಡ ಕರುಳಿನ ಬಲಭಾಗದಲ್ಲಿ, ಅಸೆಂಡಿಂಗ್ ಕೋಲನ್ ಎನ್ನುವ ಕಡೆ, 40 ಮಿ.ಮೀ. ಅಗಲದ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ದುರ್ಮಾಂಸ. ರಿಪೋರ್ಟಿನಲ್ಲಿ ಇರುವುದನ್ನು ಹಾಗೆಯೇ ಬರೆಯುತ್ತೇನೆ: ಲ್ಯಾಟರಲಿ ಸ್ಪ್ರೆಡಿಂಗ್, ಗ್ರಾನ್ಯುಲರ್, ನಾಡ್ಯುಲರ್ ಮಿಕ್ಸ್ಡ್, ಕುಡೋ 4, ಜೆನೆಟ್ 2ಎ. ಬಯಾಪ್ಸಿಯಲ್ಲಿ ಟ್ಯುಬ್ಯುಲೋವಿಲ್ಲಸ್ ಅಡೆನೋಮಾ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ ಎಂದು ಬಂದಿದೆ, ಅಂದರೆ ಜೀವಕೋಶಗಳು ಸ್ವಲ್ಪ ಬದಲಾಗಿವೆ, ಈಗ ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದು. ಬಣ್ಣದ ಫೋಟೋವನ್ನು ನಾನು ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಲ್ಲ. ಮಳೆಗಾಲದಲ್ಲಿ ಹಿತ್ತಲ ಗೋಡೆಗೆ ಪಾಚಿ ಹಬ್ಬಿದಂತೆ ಕರುಳಿನ ಮಡಿಕೆಯ ಮೇಲೆ ಹರಡಿಕೊಂಡಿದೆ. ಒಂದು ಅಂಚಿನಲ್ಲಿ ಮಾತ್ರ ಅಡಿಕೆ ಹೋಳಿನಷ್ಟು ಗಂಟು ಎದ್ದಿದೆ.

ಮೊದಲು ನೋಡಿದ ಶಸ್ತ್ರಚಿಕಿತ್ಸಕರು, "ಇಷ್ಟು ಅಗಲದ್ದನ್ನು ಒಳಗಿನಿಂದ ತೆಗೆಯಲು ಬರುವುದಿಲ್ಲ. ಬಲಭಾಗದ ಕರುಳನ್ನು ತೆಗೆದು, ಸಣ್ಣ ಕರುಳನ್ನು ಉಳಿದ ಭಾಗಕ್ಕೆ ಜೋಡಿಸುತ್ತೇನೆ. ಲ್ಯಾಪರೋಸ್ಕೋಪಿಯಲ್ಲಿ ಆಗುತ್ತದೆ, ಒಂದು ವಾರ ಆಸ್ಪತ್ರೆಯಲ್ಲಿರಬೇಕು" ಎಂದರು. ಗುರುವಾರದ ದಿನಾಂಕವನ್ನೂ ಕೊಟ್ಟರು. ಘಟ್ಟದ ಕೆಳಗಿನ ಇನ್ನೊಂದು ಆಸ್ಪತ್ರೆಯ ಗ್ಯಾಸ್ಟ್ರೋ ವೈದ್ಯರು ಅದೇ ಫೋಟೋ ನೋಡಿ, "ಇದನ್ನು ಇಎಂಆರ್ ಮಾಡಿ, ಅಂದರೆ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯ ಕೊಳವೆಯ ಮೂಲಕವೇ, ತುಂಡುತುಂಡಾಗಿ ತೆಗೆಯಬಹುದು ಎನಿಸುತ್ತದೆ. ಆಮೇಲೆ ಆರು ತಿಂಗಳಿಗೆ ಮತ್ತೆ ನೋಡಲೇಬೇಕು" ಎಂದರು. ಇಬ್ಬರೂ ಅನುಭವಸ್ಥರು, ಇಬ್ಬರೂ ಸಮಾಧಾನದಿಂದ ಮಾತನಾಡಿದವರು. ಅದರಿಂದಲೇ ನನಗೆ ದಿಕ್ಕು ತೋಚದಾಗಿದೆ.

ಅಣ್ಣ ಆಪರೇಷನ್ ಪರ. "ತುಂಡುತುಂಡಾಗಿ ತೆಗೆದರೆ ಒಂದು ಚೂರು ಉಳಿದು ಅದೇ ಕ್ಯಾನ್ಸರ್ ಆದರೆ ಯಾರು ಹೊಣೆ? ಒಂದೇ ಸಲಕ್ಕೆ ಮುಗಿಯಲಿ" ಎನ್ನುತ್ತಾನೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಕೊನೆ ತೆಗೆಯಲು ಕೊನೆಗೌಡ ಇರುವಾಗ ಮರ ಏಕೆ ಕಡಿಯಬೇಕು?" ಎಂದು ಒಂದೇ ಮಾತು ಹೇಳಿ ಎದ್ದು ಹೋದರು. ಕೊನೆಗೌಡ ಎಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನು.

ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. 4 ಸೆಂ.ಮೀ. ಎಂಬ ಅಳತೆಯೇ ಆಪರೇಷನ್‌ಗೆ ಕಾರಣವಾಗುತ್ತದೆಯೇ? ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲವೆಂದರೆ ನಿಜವಾಗಿ ಇಲ್ಲವೆಂದೇ? ಗುರುವಾರಕ್ಕೆ ಐದು ದಿನ ಇದೆ.

ಹುಬ್ಬಳ್ಳಿ ಸಿಸ್ಟರ್, ಜೂನ್ 21

ತಂಗಿ, ಮೊದಲು ಗುರುವಾರದ ದಿನಾಂಕವನ್ನು ಮುಂದೂಡಿ. ಅಡೆನೋಮಾ ನಿಧಾನವಾಗಿ ಬೆಳೆಯುವಂಥದ್ದು. ಎರಡು ಮೂರು ವಾರ ಯೋಚಿಸಿ ನಿರ್ಧರಿಸಿದರೆ ಏನೂ ಕೆಡುವುದಿಲ್ಲ.

ನಾನು ವೈದ್ಯೆಯಲ್ಲ. 19 ವರ್ಷದಿಂದ ಎಂಡೋಸ್ಕೋಪಿ ಕೋಣೆಯಲ್ಲಿ ವೈದ್ಯರ ಪಕ್ಕದಲ್ಲಿ ನಿಂತು ಸೂಜಿ, ಕುಣಿಕೆ ಕೊಡುವವಳು. ನಾಲ್ಕು ಸೆಂ.ಮೀ. ಏಕೆ, ಅದಕ್ಕಿಂತ ಅಗಲದ್ದನ್ನೂ ಒಳಗಿನಿಂದಲೇ ತೆಗೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಅಳತೆಯೊಂದರಿಂದಲೇ ಯಾರೂ ತೀರ್ಮಾನ ಮಾಡಬಾರದು. ಅದು ಕರುಳಿನ ಮೇಲ್ಪದರದಲ್ಲೇ ಇದೆಯೇ, ಕೆಳಗಿನ ಪದರಕ್ಕೆ ಇಳಿದಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಬಯಾಪ್ಸಿ ಇದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ, ಏಕೆಂದರೆ ಅದು ಎಲ್ಲೋ ಒಂದು ಕಡೆ ಚಿವುಟಿದ ಚೂರು. ಮೇಲ್ಮೈಯ ರಂಧ್ರಗಳ ವಿನ್ಯಾಸ, ರಕ್ತನಾಳಗಳ ಗೆರೆಗಳು ಹೆಚ್ಚು ಹೇಳುತ್ತವೆ. ರಕ್ತನಾಳಗಳ ಗೆರೆಗಳನ್ನು ನೋಡಿ ಕೊಡುವ ಅಂಕಿ ಜೆನೆಟ್, ರಂಧ್ರಗಳ ವಿನ್ಯಾಸಕ್ಕೆ ಕೊಡುವುದು ಕುಡೋ ಎಂಬ ಜಪಾನಿ ವೈದ್ಯರ ಹೆಸರಿನಲ್ಲಿರುವ ಅಂಕಿ. ನಿಮ್ಮ ರಿಪೋರ್ಟಿನಲ್ಲಿ 4 ಇದೆ, ಅದು ಅಡೆನೋಮಾದ ಗುರುತು. 5 ಎಂದಿದ್ದರೆ ನಾನು ಹೀಗೆ ಧೈರ್ಯವಾಗಿ ಬರೆಯುತ್ತಿರಲಿಲ್ಲ. ಹರಳುಹರಳಾಗಿ ಹರಡಿರುವುದು, ನಡುವೆ ತಗ್ಗು ಇಲ್ಲದಿರುವುದು ಕೂಡ ಒಳ್ಳೆಯ ಲಕ್ಷಣ. ಆ ಗಂಟಿನ ಮೇಲೆ ಮಾತ್ರ ಕಣ್ಣಿರಬೇಕು. ಕ್ಯಾನ್ಸರ್ ಅಡಗಿದ್ದರೆ ಹೆಚ್ಚಾಗಿ ಅಲ್ಲಿಯೇ ಇರುತ್ತದೆ.

ಇನ್ನೊಂದು ಮಾತು. "ಖಚಿತ ಮಾಡಿಕೊಳ್ಳೋಣ" ಎಂದು ಯಾರಾದರೂ ಮತ್ತೆ ಬಯಾಪ್ಸಿ ತೆಗೆಯಲು ಹೊರಟರೆ ಬೇಡವೆನ್ನಿ. ಚಿವುಟಿದ ಜಾಗದಲ್ಲಿ ಗಾಯ ಒಣಗಿ ಕಲೆಯಾಗುತ್ತದೆ, ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಬಿಡಿಸುವುದು ನಮಗೆ ಕಷ್ಟ.

ಕೆಲಸ ನಡೆಯುವ ರೀತಿ ಹೀಗೆ. ಪಾಲಿಪ್‌ನ ಅಡಿಗೆ ಸೂಜಿಯಿಂದ ನೀಲಿ ಬಣ್ಣ ಬೆರೆಸಿದ ದ್ರವ ತುಂಬುತ್ತೇವೆ. ಎಣ್ಣೆಗೆ ಬಿದ್ದ ಪೂರಿಯ ಹಾಗೆ ಅದು ಉಬ್ಬಿ ಏಳುತ್ತದೆ. ಉಬ್ಬಿತೆಂದರೆ ಕೆಳಗಿನ ಪದರಕ್ಕೆ ಅಂಟಿಲ್ಲ ಎಂದು ಅರ್ಥ. ಸುತ್ತಲೂ ಎದ್ದು ನಡು ಮಾತ್ರ ಏಳದಿದ್ದರೆ ವೈದ್ಯರು ಕೈ ನಿಲ್ಲಿಸುತ್ತಾರೆ, ಕೋಣೆಯಲ್ಲಿ ಎಲ್ಲರ ಮಾತೂ ನಿಂತುಬಿಡುತ್ತದೆ. ಎದ್ದರೆ ತಂತಿಯ ಕುಣಿಕೆ ಹಾಕಿ ತುಂಡುತುಂಡಾಗಿ ಕತ್ತರಿಸುತ್ತಾರೆ. ದೊಡ್ಡ ಗಂಟನ್ನು ಮೊದಲು ಒಂದೇ ತುಂಡಾಗಿ ತೆಗೆದು ಬೇರೆ ಡಬ್ಬಿಯಲ್ಲಿ ಹಾಕಬೇಕು. ಇದನ್ನು ನೀವೇ ಕೇಳಿ. ಕೊನೆಯಲ್ಲಿ ಗಾಯದ ಅಂಚನ್ನು ಸುತ್ತಲೂ ಕುಣಿಕೆಯ ತುದಿಯಿಂದ ಹದವಾಗಿ ಸುಡಬೇಕು. ನಿಮ್ಮ ಅಣ್ಣನ ಭಯಕ್ಕೆ ಉತ್ತರ ಇಲ್ಲಿದೆ: ಆಸ್ಟ್ರೇಲಿಯದ ವೈದ್ಯರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಅಂಚು ಸುಟ್ಟಾಗ ಪಾಲಿಪ್ ಮರುಕಳಿಸುವುದು 100ಕ್ಕೆ 21ರಿಂದ 5ಕ್ಕೆ ಇಳಿಯಿತು. ಅಂದಿನಿಂದ ನಮ್ಮಲ್ಲಿ ಅದನ್ನು ಬಿಟ್ಟದ್ದೇ ಇಲ್ಲ.

ಅಪಾಯ ಇಲ್ಲವೆಂದು ಹೇಳುವುದಿಲ್ಲ. ಕರುಳಿಗೆ ರಂಧ್ರವಾಗುವುದು 100ಕ್ಕೆ ಒಂದೋ ಎರಡೋ, ಬಹಳಷ್ಟು ಸಲ ಅಲ್ಲಿಯೇ ಕ್ಲಿಪ್ ಹಾಕಿ ಮುಚ್ಚುತ್ತೇವೆ. ರಕ್ತಸ್ರಾವ ಅದಕ್ಕಿಂತ ಹೆಚ್ಚು, ಅದರಲ್ಲೂ ಬಲಭಾಗದಲ್ಲಿ. ಗಾಯವನ್ನು ಕ್ಲಿಪ್‌ಗಳಿಂದ ಪೂರ್ತಿ ಮುಚ್ಚಿದರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಆದರೂ ಎರಡು ವಾರದವರೆಗೆ ಯಾವಾಗ ಬೇಕಾದರೂ ಆಗಬಹುದು. ನಿಮ್ಮ ಅಪ್ಪ ರಕ್ತ ತೆಳುವಾಗಿಸುವ ಮಾತ್ರೆಯವರು, ಈಗ ಮಳೆಗಾಲ, ನಡುವೆ ಆಗುಂಬೆ ಘಟ್ಟ. ಆ 14 ದಿನ ಅವರನ್ನು ತೋಟದ ಮನೆಗೆ ಕರೆದುಕೊಂಡು ಹೋಗಬೇಡಿ. ಆಸ್ಪತ್ರೆಗೆ ಅರ್ಧ ಗಂಟೆಯಲ್ಲಿ ತಲುಪುವ ಕಡೆ ಇರಿಸಿ.

ವೈದ್ಯರನ್ನು ಕೇಳಿ: ಎರಡು ಸೆಂ.ಮೀ. ಮೀರಿದವನ್ನು ವರ್ಷಕ್ಕೆ ಎಷ್ಟು ತೆಗೆಯುತ್ತೀರಿ, ಅವುಗಳಲ್ಲಿ ಎಷ್ಟು ಕೊನೆಗೆ ಆಪರೇಷನ್‌ಗೆ ಹೋದವು? ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ. ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದರೆ ಅದನ್ನು ಒಂದು ವಾರ ಮೊದಲೇ ನಿಲ್ಲಿಸಲು ಕೇಳಿ. ಮಲ ಕಪ್ಪಾಗಿ ಕರುಳಿಗೆ ಅಂಟಿಕೊಂಡರೆ ನಮಗೆ ಏನೂ ಕಾಣುವುದಿಲ್ಲ.

ಶಿರಸಿ ಸೊಸೆ, ಜೂನ್ 22

ನಿಮ್ಮ ಅಪ್ಪನವರ ಮಾತು ಓದಿ ಕಣ್ಣು ತುಂಬಿ ಬಂತು, ನಾವೂ ಅಡಿಕೆಯವರೇ. ಆದರೆ ಬುಡಕ್ಕೆ ಅಣಬೆ ರೋಗ ಬಂದ ಮರದಲ್ಲಿ ಕೊನೆ ತೆಗೆದು ಪ್ರಯೋಜನವಿಲ್ಲ ಎಂಬುದು ಅವರಿಗೂ ಗೊತ್ತಿರುತ್ತದೆ.

ನಮ್ಮ ಅತ್ತೆಯ ಪಾಲಿಪ್ ನಿಮ್ಮದಕ್ಕಿಂತ ಚಿಕ್ಕದು, ಎರಡೂವರೆ ಸೆಂ.ಮೀ. ಎಡಭಾಗದಲ್ಲಿತ್ತು. ಚಪ್ಪಟೆಯಾಗಿತ್ತು, ನಡುವೆ ಸಣ್ಣ ತಗ್ಗು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲವೆಂದೇ ಬಂದಿತ್ತು, ನಾವು ನಿಶ್ಚಿಂತರಾಗಿ ಹೋದೆವು. ಸಿಸ್ಟರ್ ಬರೆದ ಹಾಗೆಯೇ ಆಯಿತು: ದ್ರವ ತುಂಬಿದರೂ ನಡು ಏಳಲಿಲ್ಲ. ವೈದ್ಯರು ಹಠ ಹಿಡಿಯದೆ, ಆ ಜಾಗದ ಸಮೀಪ ಶಾಯಿಯ ಗುರುತು ಮಾತ್ರ ಹಾಕಿ ಹೊರಗೆ ಬಂದು, "ಇದು ನನ್ನ ಕೆಲಸವಲ್ಲ, ಸರ್ಜನ್ ಕೆಲಸ" ಎಂದರು. ಮೂರು ವಾರದಲ್ಲಿ ಆಪರೇಷನ್ ಆಯಿತು. ತೆಗೆದ ಕರುಳಿನ ಜೊತೆಗಿದ್ದ 14 ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಒಂದರಲ್ಲಿ ಕ್ಯಾನ್ಸರ್ ಇತ್ತು. ಕಿಮೋ ಮಾಡಿಸಿದೆವು, ಈಗ ನಾಲ್ಕನೆಯ ವರ್ಷ, ಚೆನ್ನಾಗಿದ್ದಾರೆ. ಅಂದು ಆ ವೈದ್ಯರು ಒಳಗಿನಿಂದಲೇ ಕೆರೆದು ತೆಗೆದು ಕಳುಹಿಸಿದ್ದರೆ ಗ್ರಂಥಿಯಲ್ಲಿದ್ದದ್ದು ಗ್ರಂಥಿಯಲ್ಲೇ ಉಳಿಯುತ್ತಿತ್ತು. ಆಪರೇಷನ್ ಎಂದರೆ ಸೋಲು ಎಂದುಕೊಳ್ಳಬೇಡಿ, ಅಷ್ಟೇ ನನ್ನ ಕೋರಿಕೆ.

ನಿವೃತ್ತ ಸರ್ಜನ್, ಮೈಸೂರು, ಜೂನ್ 22

31 ವರ್ಷ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದವನು ನಾನು. ಮಗಳೇ, ಮೊದಲು ಹೇಳಿದ ಆ ವೈದ್ಯರ ಬಗ್ಗೆ ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಬೇಡಿ. ನಾನೂ ಅದನ್ನೇ ಹೇಳುತ್ತಿದ್ದೆ. ಪಾಲಿಪ್ ದೊಡ್ಡದೆಂಬ ಕಾರಣಕ್ಕೆ ಅರ್ಧ ಕರುಳು ತೆಗೆದು, ವಾರದ ಬಳಿಕ ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂದಾಗ ರೋಗಿಯ ಮನೆಯವರೊಡನೆ ನಾನೂ ಸಂತೋಷಪಟ್ಟಿದ್ದೇನೆ. ಇಂದು ಅವರಲ್ಲಿ ಕೆಲವರ ಮುಖಗಳು ನೆನಪಾಗುತ್ತವೆ. ಒಬ್ಬ ಶಾಲಾ ಮಾಸ್ತರರಿಗೆ ಜೋಡಣೆ ಸೋರಿ, ಎರಡನೆಯ ಬಾರಿ ಹೊಟ್ಟೆ ತೆರೆಯಬೇಕಾಯಿತು. ಅವರಿಗೆ ಇದ್ದದ್ದು ಬರಿಯ ಅಡೆನೋಮಾ.

ಕುಣಿಕೆಯಿಂದ ಪಾಲಿಪ್ ತೆಗೆಯುವುದು ಹೊಸದಲ್ಲ. ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವೂಲ್ಫ್ 1969ರಲ್ಲೇ ಆರಂಭಿಸಿದರು. ಆದರೆ ದೊಡ್ಡದನ್ನು ಧೈರ್ಯವಾಗಿ ತೆಗೆಯುವ ಕೈಗಳು ನಮ್ಮ ಊರುಗಳಿಗೆ ಬಂದದ್ದು ತಡವಾಗಿ. ಅಮೆರಿಕದಲ್ಲಿ, ಕ್ಯಾನ್ಸರ್ ಅಲ್ಲದ ಪಾಲಿಪ್‌ಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 12,000ಕ್ಕೂ ಹೆಚ್ಚು ಜನರ ಲೆಕ್ಕ 2018ರಲ್ಲಿ ಪ್ರಕಟವಾಯಿತು. 100ರಲ್ಲಿ 14 ಜನರಿಗೆ ಒಂದಲ್ಲ ಒಂದು ದೊಡ್ಡ ತೊಡಕು, 1,000ಕ್ಕೆ 7 ಜನ ಒಂದು ತಿಂಗಳೊಳಗೆ ತೀರಿಕೊಂಡಿದ್ದರು. 71 ವರ್ಷ, ಸ್ಟೆಂಟ್, ರಕ್ತಹೀನತೆ ಇರುವವರಿಗೆ ಈ ಭಾರ ಹಗುರವಾಗುವುದಿಲ್ಲ.

ನಿಮ್ಮ ಅಣ್ಣನಿಗೆ ಒಂದು ವಿಷಯ ತಿಳಿಸಿ. ಇಎಂಆರ್ ಮೊದಲು ಮಾಡಿಸಿದರೆ ಶಸ್ತ್ರಚಿಕಿತ್ಸೆಯ ಬಾಗಿಲು ಮುಚ್ಚುವುದಿಲ್ಲ. ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾನ್ಸರ್ ಕಂಡು, ಅದು ಕೆಳಪದರಕ್ಕೆ 1 ಮಿ.ಮೀ.ಗಿಂತ ಆಳ ಇಳಿದಿದ್ದರೆ, ರಕ್ತನಾಳ ಅಥವಾ ದುಗ್ಧನಾಳಕ್ಕೆ ಹೊಕ್ಕಿದ್ದರೆ, ಜೀವಕೋಶಗಳು ತೀರಾ ಕೆಟ್ಟಿದ್ದರೆ, ಆಗ ಕರುಳು ತೆಗೆಸಲು ನಾನೇ ಒತ್ತಾಯಿಸುತ್ತೇನೆ. ಶಿರಸಿಯವರ ಅತ್ತೆಗೆ ಆದದ್ದು ಸರಿಯಾದ ಚಿಕಿತ್ಸೆ. ಆದರೆ ಕತ್ತರಿಸಿದ ಕರುಳನ್ನು ಮರಳಿ ತರಲಾಗುವುದಿಲ್ಲವಲ್ಲ.

ಆರು ತಿಂಗಳಿಗೆ ಮರುಪರೀಕ್ಷೆಗೆ ಬರುವುದಾಗಿ ನಿಮ್ಮ ತಂದೆಯಿಂದ ಈಗಲೇ ಮಾತು ತೆಗೆದುಕೊಳ್ಳಿ. ಬರುವುದಿಲ್ಲ ಎನ್ನುವವರಿಗೆ ನಾನು ಇಎಂಆರ್ ಸೂಚಿಸುವುದಿಲ್ಲ. ಇದರಲ್ಲಿ ರಿಯಾಯಿತಿ ಇಲ್ಲ.

ಒಸಾಕಾ ಕನ್ನಡಿಗ, ಜೂನ್ 23

ನನ್ನದು ಗುದನಾಳದಲ್ಲಿತ್ತು, ಸುಮಾರು 5 ಸೆಂ.ಮೀ. ಇಲ್ಲಿ ಇಎಸ್‌ಡಿ ಮಾಡಿದರು: ಪಾಲಿಪ್‌ನ ಸುತ್ತ ಗೆರೆ ಕೊರೆದು, ಅಡಿಯಿಂದ ಬಿಡಿಸುತ್ತಾ, ಇಡಿಯಾಗಿ ಒಂದೇ ತುಂಡಾಗಿ ತೆಗೆಯುವುದು. ಮೂರು ಗಂಟೆ ಹಿಡಿಯಿತು. ತುಂಡನ್ನು ಹಲಗೆಯ ಮೇಲೆ ಹರಡಿ ಸೂಜಿಗಳಿಂದ ಚುಚ್ಚಿದ್ದ ಫೋಟೋ ತೋರಿಸಿದರು, ಸುತ್ತಲೂ ಒಳ್ಳೆಯ ಅಂಚು ಕಾಣುತ್ತಿತ್ತು. ಜಪಾನಿನಲ್ಲಿ 2012ರಿಂದ ದೊಡ್ಡ ಕರುಳಿನ ಇಎಸ್‌ಡಿಗೆ ಸರ್ಕಾರಿ ವಿಮೆ ಸಿಗುತ್ತದೆ, ಹಾಗಾಗಿ ಇಲ್ಲಿ ಕೈ ಪಳಗಿದವರು ಬಹಳ. ಬಲಭಾಗದ ಕರುಳಿನ ಗೋಡೆ ತೆಳು, ಪಳಗದ ಕೈಯಲ್ಲಿ ಅಲ್ಲಿ ಇಎಸ್‌ಡಿ ಮಾಡಿಸುವುದಕ್ಕಿಂತ ಪಳಗಿದ ಕೈಯಲ್ಲಿ ಇಎಂಆರ್ ಮೇಲು ಎಂದು ನನ್ನ ವೈದ್ಯರೇ ಹೇಳಿದ್ದರು.

ತೀರ್ಥಹಳ್ಳಿ ಮಗಳು, ಜುಲೈ 30

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸಿ.

ಗುರುವಾರದ ಆಪರೇಷನ್ ಮುಂದೂಡಿ, ಘಟ್ಟ ಇಳಿದು ಗ್ಯಾಸ್ಟ್ರೋ ವೈದ್ಯರನ್ನು ಮತ್ತೆ ಕಂಡೆವು. ಹುಬ್ಬಳ್ಳಿ ಅಕ್ಕ ಹೇಳಿಕೊಟ್ಟ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು ಒಂದೊಂದಕ್ಕೂ ಉತ್ತರಿಸಿದರು. ಅಣ್ಣನ ಮುಖ ಸಡಿಲವಾದದ್ದು ಅಲ್ಲಿಯೇ. ಹೃದಯದ ವೈದ್ಯರು ಕ್ಲೋಪಿಡೋಗ್ರೆಲ್ ಅನ್ನು ಏಳು ದಿನ ನಿಲ್ಲಿಸಲು ಒಪ್ಪಿದರು, ಆಸ್ಪಿರಿನ್ ಮಾತ್ರ ಒಂದು ದಿನವೂ ತಪ್ಪಬಾರದು ಎಂದರು.

ಉಡುಪಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಹೊಟ್ಟೆ ತೊಳೆಯುವ ಆ ಉಪ್ಪುಪ್ಪು ನೀರನ್ನು ಹಿಂದಿನ ಸಂಜೆ ಅರ್ಧ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇನ್ನರ್ಧ ಕುಡಿಯಬೇಕಿತ್ತು. ಬೆಳಗಿನ ಪಾಲಿಗೆ ಎಂಟು ಲೋಟ. ಅಪ್ಪ ಜಗಲಿಯ ಮೇಲೆ ಎಂಟು ಅಡಿಕೆ ಸಾಲಾಗಿ ಇಟ್ಟುಕೊಂಡರು. ಒಂದು ಲೋಟ ಮುಗಿದರೆ ಒಂದು ಅಡಿಕೆ ಎಡದಿಂದ ಬಲಕ್ಕೆ. ಆರನೆಯ ಲೋಟದಲ್ಲಿ ವಾಕರಿಕೆ ಬಂದು ಕಣ್ಣು ಮುಚ್ಚಿ ಕುಳಿತರು, ಹೊರಗೆ ಮಳೆ ಹೊಯ್ಯುತ್ತಿತ್ತು. ನಾನು ಸಾಕು ಎಂದೆ. ಅವರು ತಲೆಯಾಡಿಸಿ, ಉಳಿದ ಎರಡು ಅಡಿಕೆಗಳನ್ನು ನೋಡುತ್ತಾ ಹತ್ತು ನಿಮಿಷ ಕುಳಿತು, ಮತ್ತೆ ಲೋಟ ಎತ್ತಿದರು.

ಇಎಂಆರ್‌ಗೆ ಒಂದು ಗಂಟೆ ಇಪ್ಪತ್ತು ನಿಮಿಷ ಆಯಿತು. ದ್ರವ ತುಂಬಿದಾಗ ಪಾಲಿಪ್ ಪೂರ್ತಿ ಎದ್ದಿತು, ನಡುವೆಯೂ. ಗಂಟನ್ನು ಮೊದಲು ಒಂದೇ ತುಂಡಾಗಿ ತೆಗೆದು ಬೇರೆ ಡಬ್ಬಿಗೆ ಹಾಕಿದರು, ಉಳಿದದ್ದು ಆರು ತುಂಡು. ಅಂಚು ಸುಟ್ಟು, ಐದು ಕ್ಲಿಪ್ ಹಾಕಿದ್ದಾರೆ. ಮರುದಿನ ಸಂಜೆ ಮನೆಗೆ ಕಳುಹಿಸಿದರು.

ನಾಲ್ಕನೆಯ ದಿನ ರಾತ್ರಿ ಎಂಟೂವರೆಗೆ ಅಪ್ಪ ಶೌಚಾಲಯದಿಂದ ನನ್ನನ್ನು ಕರೆದರು. ಕೆಂಪು, ಬರಿಯ ಕೆಂಪು. ಅಕ್ಕ, ನಿಮ್ಮ ಮಾತು ಕೇಳದೆ ತೋಟದ ಮನೆಗೆ ಹೋಗಿದ್ದರೆ ಆ ಮಳೆಯಲ್ಲಿ, ಆ ರಾತ್ರಿಯಲ್ಲಿ ಏನು ಮಾಡುತ್ತಿದ್ದೆವೋ ತಿಳಿಯದು. ಆಟೋದಲ್ಲಿ ಹದಿನೈದು ನಿಮಿಷಕ್ಕೆ ಆಸ್ಪತ್ರೆ ಸೇರಿದೆವು. ಇನ್ನೊಮ್ಮೆ ಹೋಯಿತು, ಆಮೇಲೆ ತಾನಾಗಿಯೇ ನಿಂತಿತು. ಎರಡು ದಿನ ಇರಿಸಿಕೊಂಡು ನೋಡಿದರು, ರಕ್ತ ಕೊಡುವ ಅಗತ್ಯ ಬೀಳಲಿಲ್ಲ.

ರಿಪೋರ್ಟ್ ಬಂದಿದೆ. ಗಂಟಿನಲ್ಲಿ ಹೈ ಗ್ರೇಡ್ ಡಿಸ್‌ಪ್ಲೇಸಿಯಾ, ಅಂದರೆ ಕ್ಯಾನ್ಸರಿನ ಹೊಸ್ತಿಲು. ಕ್ಯಾನ್ಸರ್ ಎಲ್ಲಿಯೂ ಇಲ್ಲ. ಮೊದಲ ಸರ್ಜನ್ ಅವರಿಗೂ ಫೋನ್ ಮಾಡಿ ತಿಳಿಸಿದೆ. "ರಿಪೋರ್ಟಿನ ಪ್ರತಿ ಕಳುಹಿಸಿ, ನನಗೂ ನೋಡಬೇಕು" ಎಂದರು. ಕಳುಹಿಸಿದ್ದೇನೆ.

ತೀರ್ಥಹಳ್ಳಿ ಮಗಳು, ಜನವರಿ 26

ಮರುಪರೀಕ್ಷೆ ಆಯಿತು. ಕೊಯ್ಲಿನ ಕಾಲ, ಅಂಗಳದ ತುಂಬ ಅಡಿಕೆ. "ಸುಲಿದು ಬೇಯಿಸಿ ಮುಗಿಸಿ ಮಾರ್ಚಿನಲ್ಲಿ ಹೋಗೋಣ" ಎಂದು ಅಪ್ಪ ಎರಡು ಸಲ ಹೇಳಿ ನೋಡಿದರು. ಮೈಸೂರಿನ ಡಾಕ್ಟರ ಮಾತನ್ನು ನೆನಪಿಸಿದೆ, ಮತ್ತೆ ಸೊಲ್ಲೆತ್ತಲಿಲ್ಲ. ಕಲೆಯ ಒಂದು ಅಂಚಿನಲ್ಲಿ 3 ಮಿ.ಮೀ.ನಷ್ಟು ಮತ್ತೆ ಚಿಗುರಿತ್ತು. ಅಲ್ಲಿಯೇ ತೆಗೆದು ಸುಟ್ಟರು, ಐದು ನಿಮಿಷದ ಕೆಲಸ. ಇನ್ನಾರು ತಿಂಗಳಿಗೆ ಮತ್ತೊಮ್ಮೆ ನೋಡಬೇಕು. ಮಾರ್ಚಿನವರೆಗೆ ಬಿಟ್ಟಿದ್ದರೆ, ಆಮೇಲೆ ಮಳೆಗಾಲವೆಂದು ಬಿಟ್ಟಿದ್ದರೆ ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಹಿಮೋಗ್ಲೋಬಿನ್ ಈಗ 12.6, ತೋಟದ ಏರನ್ನು ನಿಲ್ಲದೆ ಹತ್ತುತ್ತಾರೆ.

ಇಂಥ ಪಾಲಿಪ್ ಇದ್ದವರ ಮಕ್ಕಳು, ಒಡಹುಟ್ಟಿದವರು 40ರಿಂದಲೇ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿದರು. ಅಣ್ಣನಿಗೆ 47, ನನಗೆ 43. ನನ್ನದು ಬರುವ ಬುಧವಾರ. ಅಪ್ಪ ನನಗಾಗಿ ಎಂಟು ಅಡಿಕೆ ಆರಿಸಿ ಇಟ್ಟಿದ್ದಾರೆ.

ಹುಬ್ಬಳ್ಳಿ ಅಕ್ಕ, ಥೈರಾಯ್ಡ್ ಮಾತ್ರೆಯನ್ನು ಅಂದು ಬೆಳಿಗ್ಗೆ ತೆಗೆದುಕೊಳ್ಳಬಹುದೇ?

ಹುಬ್ಬಳ್ಳಿ ಸಿಸ್ಟರ್, ಜನವರಿ 26

ತೆಗೆದುಕೊಳ್ಳಬಹುದು ತಂಗಿ, ಒಂದೇ ಗುಟುಕು ನೀರಿನಲ್ಲಿ. ಪರೀಕ್ಷೆ ಮಾಡುವವರಿಗೂ ಒಮ್ಮೆ ತಿಳಿಸಿಡಿ. ಸೋಮವಾರದಿಂದಲೇ ಬೀಜವಿರುವ ತರಕಾರಿ, ಹಣ್ಣು ಬಿಡಿ. ಅಣ್ಣನ ದಿನಾಂಕ ಯಾವಾಗ?